ನಾಲಿಗೆಗೆ ಹಚ್ಚಿದ ನೀರು

ತಾಂಡೇಲರು ಎಡಗೈಯ ತೋರುಬೆರಳನ್ನು ಗಾಜಿನ ತೊಟ್ಟಿಯ ನೀರಿಗೆ ಅದ್ದಿ, ನಾಲಿಗೆಯ ತುದಿಗೆ ಹಚ್ಚಿಕೊಂಡು, ಕಣ್ಣು ಮುಚ್ಚಿ ಕೂರುತ್ತಿದ್ದರು. ಬೆಳಿಗ್ಗೆ ಚಾ ಕುಡಿಯುವ ಮೊದಲೇ ಈ ಕೆಲಸ ಆಗಬೇಕು. ಚಾ ಕುಡಿದ ನಾಲಿಗೆಯನ್ನು ನಂಬಬಾರದು ಎಂಬುದು ಅವರ ಅಭಿಪ್ರಾಯ. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಪಾರ್ಶ್ವವಾಯು ಬಡಿದ ಮೇಲೆ ಅದು ಅವರ ಮಾತು ಕೇಳುವುದನ್ನು ಬಿಟ್ಟಿತ್ತು. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು "ಸಮಾ ಅದೆ" ಎಂದರೆ ಹೆಂಡತಿ ಒಳಗಿನಿಂದ ಚಾ ತರುತ್ತಿದ್ದರು.

ಮೀನು ಹಿಡಿಯುವ ಬೋಟನ್ನು ನಡೆಸುವ ಹಿರಿಯನಿಗೆ ನಮ್ಮ ಕಡೆ ತಾಂಡೇಲ ಎನ್ನುತ್ತಾರೆ. ಮಾವಿನಕುರ್ವೆಯಲ್ಲಿ ಹುಟ್ಟಿದ ಇವರು ಇಡೀ ಆಯುಷ್ಯವನ್ನು ಬೋಟಿನ ಮೇಲೆ ಕಳೆದು, ಕೈ ಸೋತ ಮೇಲೆ, ಶರಾವತಿ ಸಮುದ್ರ ಸೇರುವಲ್ಲಿರುವ ಕಾಸರಕೋಡಿನ ಮನೆಯ ಜಗಲಿಗೆ ಬಂದು ಕೂತವರು. ನಾನು ಹೈಸ್ಕೂಲಿಗೆ ವರ್ಗವಾಗಿ ಬಂದು ಅವರ ಪಕ್ಕದ ಬಾಡಿಗೆ ಮನೆ ಹಿಡಿದೆ. ಕಲಿಸುವುದು ವಿಜ್ಞಾನ, ಶಾಲೆಯ ಟೀಚರಾದ್ದರಿಂದ ಊರವರಿಗೆಲ್ಲ ನಾನು ಅಕ್ಕೋರು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ನಾಚಿಕೆಯಾಗುವ ಸಂಗತಿ ಬರುವುದಿದೆ.

ತೊಟ್ಟಿ ಎರಡೂವರೆ ಅಡಿ ಉದ್ದದ್ದು, ಭಟ್ಕಳದಲ್ಲಿರುವ ಅಳಿಯ ಅಂಗಡಿಯ ಅಲಂಕಾರಕ್ಕೆಂದು ಇಟ್ಟು ಬೇಸರ ಬಂದು ಕೊಟ್ಟದ್ದು. ಅದರಲ್ಲಿ ಎರಡು ಕಲ್ಲು, ಗುಳುಗುಳು ಎನ್ನುವ ಗಾಳಿಯ ಮೋಟಾರು, ಮತ್ತು ಒಂದೇ ಒಂದು ಮೀನು. ಮಾವಳ್ಳಿಯ ಬೋಟಿನವರು ಬಂಡೆಯ ಹತ್ತಿರ ಬಲೆ ಎಳೆದಾಗ ಜೀವಂತ ಸಿಕ್ಕಿದ್ದನ್ನು ಬಕೆಟ್ಟಿನಲ್ಲಿ ತಂದುಕೊಟ್ಟಿದ್ದರು. ತಿನ್ನಲು ಬಾರದ ಮೀನು, ಬೇರೆಯವರಾದರೆ ಎಸೆಯುತ್ತಿದ್ದರು. ಅಂಗೈಯಷ್ಟು ಗಾತ್ರ, ಮೈತುಂಬ ಗಂಟು, ಮೇಲಕ್ಕೆ ತೆರೆದ ದೊಡ್ಡ ಬಾಯಿ, ಹಣೆಯಲ್ಲೊಂದು ಸಣ್ಣ ಕಡ್ಡಿ, ಕಡ್ಡಿಯ ತುದಿಯಲ್ಲಿ ಹುಳದ ಹಾಗಿನ ಮಾಂಸದ ಚೂರು. ಆ ಚೂರನ್ನು ಅಲ್ಲಾಡಿಸುತ್ತ ಕಲ್ಲಿನ ಹಾಗೆ ಕೂತಿರುತ್ತದೆ. ಹುಳವೆಂದು ಹತ್ತಿರ ಬಂದ ಮೀನು ಮರುಕ್ಷಣ ಅಲ್ಲಿರುವುದಿಲ್ಲ.

"ನಾ ಇಂಜಿನ್ ಕಟ್ಕಂಡು, ಡೀಸೆಲ್ ಸುಟ್ಟು ಮೀನಿನ ಬೆನ್ನಿಗೆ ಓಡ್ದೆ ಅಕ್ಕೋರೇ," ಎಂದಿದ್ದರು ಒಮ್ಮೆ. "ಇಂವ ಕೂತಲ್ಲೇ ಗಾಳ ಹಾಕ್ತ. ತಾಂಡೇಲ ಅಂದ್ರೆ ಇಂವನೇಯಾ."

ನೋಡಲು ಬಂದವರಿಗೆ ಮೀನು ಕಾಣುತ್ತಲೇ ಇರಲಿಲ್ಲ. ಕುಮಟೆಯ ನೆಂಟರೊಬ್ಬರು ಗಾಜಿಗೆ ಮೂಗು ಹಚ್ಚಿ ಹುಡುಕಿ, ಖಾಲಿ ತೊಟ್ಟಿಗೆ ಯಾಕೆ ಕರೆಂಟು ಎಂದು ಬುದ್ಧಿ ಹೇಳುತ್ತಿದ್ದಾಗ, ಅವರು ಕಲ್ಲೆಂದುಕೊಂಡದ್ದು ಎರಡು ರೆಕ್ಕೆಗಳನ್ನು ಕೈಯಂತೆ ಊರಿ ನಡೆದುಬಂತು. ನೆಂಟರು ಚಾ ಚೆಲ್ಲಿಕೊಂಡರು. ತಾಂಡೇಲರು ವಾರವಿಡೀ ಅದನ್ನೇ ಹೇಳಿ ನಕ್ಕರು. ಅಳಿಯ ಪ್ರೀತಿಯಿಂದ ತಂದುಬಿಟ್ಟ ಎರಡು ಹಳದಿ ಮೀನುಗಳ ಕಥೆಯೂ ಅಷ್ಟೇ, ಬೆಳಗಾಗುವಷ್ಟರಲ್ಲಿ ತೊಟ್ಟಿಯಲ್ಲಿ ಒಬ್ಬನೇ ಇದ್ದ, ಹೊಟ್ಟೆ ಉಬ್ಬಿತ್ತು. ನನಗೆ ಸಿಟ್ಟು ಬಂತು. ಇದೆಂಥ ರಾಕ್ಷಸನನ್ನು ಸಾಕಿದ್ದೀರಿ ಎಂದೆ. ನೀವು ನಿನ್ನೆ ಬಂಗಡೆ ತಿಂದದ್ದು ಯಾವ ಲೆಕ್ಕಕ್ಕೆ ಎಂದು ಕೇಳಿ ಅವರು ನನ್ನ ಬಾಯಿ ಮುಚ್ಚಿಸಿದರು.

ಅದಕ್ಕೆ ಊಟ ಹಾಕುವ ರೀತಿ ನೋಡಬೇಕಿತ್ತು. ಹಿಡಿಕಡ್ಡಿಯ ತುದಿಗೆ ದಾರ, ದಾರದ ತುದಿಗೆ ಶೆಟ್ಲಿ, ಅಂದರೆ ಸೀಗಡಿ. ಸತ್ತ ಶೆಟ್ಲಿಯನ್ನು ಅದು ಮುಟ್ಟುವುದಿಲ್ಲ. ಅಲ್ಲಾಡಿದರೆ ಮಾತ್ರ ಊಟ. ತಾಂಡೇಲರು ಎಡಗೈಯಿಂದ ಕಡ್ಡಿ ಹಿಡಿದು, ಶೆಟ್ಲಿ ಬದುಕಿರುವಂತೆ ನೀರಿನಲ್ಲಿ ಕುಪ್ಪಳಿಸುತ್ತಿದ್ದರು. ಅತ್ತ ಅದು ತನ್ನ ಕಡ್ಡಿ ಆಡಿಸುತ್ತಿತ್ತು, ಇತ್ತ ಇವರು. ಒಳ್ಳೆಯ ಶೆಟ್ಲಿ ಸಾರಿಗಿಲ್ಲದೆ ಮೀನಿನ ಹೊಟ್ಟೆಗೆ ಹೋಗುತ್ತದಲ್ಲ ಎಂದು ಅವರ ಹೆಂಡತಿ ಒಳಗೆ ಗೊಣಗುತ್ತಿದ್ದರು. ಆದರೆ ಪೇಟೆಯಿಂದ ದಿನವೂ ಶೆಟ್ಲಿ ತರುತ್ತಿದ್ದವರು ಅವರೇ.

ನೀರನ್ನು ನಾಲಿಗೆಗೆ ಹಚ್ಚುವುದನ್ನು ಮೊದಲ ಸಲ ಕಂಡಾಗ ನನಗೆ ಅಪ್ಪನ ನೆನಪಾಯಿತು. ನಮ್ಮದು ಕಾಗಾಲ. ಹೊಳೆಯ ಉಪ್ಪು ನೀರು ನುಗ್ಗುವ ಗಜನಿ ಗದ್ದೆಗೆ ಭತ್ತ ಬಿತ್ತುವ ಮೊದಲು ಅಪ್ಪ ಬೊಗಸೆಯಲ್ಲಿ ನೀರೆತ್ತಿ ರುಚಿ ನೋಡುತ್ತಿದ್ದ, ಮಳೆ ಉಪ್ಪನ್ನು ತೊಳೆದಿದೆಯೋ ಇಲ್ಲವೋ ಎಂದು. ಇದನ್ನು ಹೇಳಿದಾಗ ತಾಂಡೇಲರಿಗೆ ಬಹಳ ಖುಷಿಯಾಯಿತು.

"ನಿಮ್ಮಪ್ಪ ಉಪ್ಪು ಹೋಯ್ತಾ ನೋಡೂದು, ನಾ ಉಪ್ಪು ಅದೆಯಾ ನೋಡೂದು," ಎಂದರು. "ನಾಲಿಗೆ ಒಂದೇಯಾ. ಕಣ್ಣಿಗೆ ಎಲ್ಲಾ ನೀರೂ ನೀರೇ."

ಅವತ್ತಿನಿಂದ ನಾನು ಆ ಮನೆಯವಳೇ ಆದೆ. ನೀರಿನ ಪಾಠವೂ ಶುರುವಾಯಿತು. ವಾರಕ್ಕೊಮ್ಮೆ ತೊಟ್ಟಿಯ ಅರ್ಧ ನೀರು ಬದಲಿಸಬೇಕು, ಅದಕ್ಕೆ ಬೋಟಿನವರು ಹೊರಸಮುದ್ರದಿಂದ ಕ್ಯಾನಿನಲ್ಲಿ ನೀರು ತಂದುಕೊಡುತ್ತಿದ್ದರು. ಮಳೆಗಾಲಕ್ಕೆ ಬೋಟು ದಡ ಸೇರುವ ಮುಂಚೆ ಎರಡು ಡ್ರಮ್ಮು ತುಂಬಿಸಿಡುವುದು ಪದ್ಧತಿ. ಅದೂ ಮುಗಿದರೆ ದಕ್ಷಿಣಕ್ಕೆ ಅಪ್ಸರಕೊಂಡದ ಆಚೆ ಹೋಗಿ ತರಬೇಕು. ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರದ್ದು ಮಾತ್ರ ಬೇಡ. ಎಲ್ಲಿಂದಲೇ ತಂದರೂ ಮೊದಲು ನಾಲಿಗೆಗೆ ಹಚ್ಚಬೇಕು. ನಾನು ತಲೆಯಾಡಿಸಿದೆ. ಮಕ್ಕಳು ತರಗತಿಯಲ್ಲಿ ಹೇಗೆ ತಲೆಯಾಡಿಸುತ್ತಾರೋ ಹಾಗೆ.

ಎರಡು ವರ್ಷದ ಹಿಂದಿನ ಮಳೆಗಾಲ. ಒಂದು ಬೆಳಿಗ್ಗೆ ತಾಂಡೇಲರ ಎಡಗೈಯೂ ನಡುಗಿ, ಮಾತು ತೊದಲಿ, ಅವರನ್ನು ಮಂಗಳೂರಿನ ಆಸ್ಪತ್ರೆಗೆ ಒಯ್ದರು. ಹೆಂಡತಿಯೂ ಜೊತೆಗೆ ಹೋದರು. ಕಾರಿನಲ್ಲಿ ಮಲಗಿಸುವಾಗ ಅವರು ನನ್ನ ಕಡೆ ನೋಡಿ ಮನೆಯತ್ತ ಬೆರಳು ತೋರಿಸಿದರು. ನಾನು ನೋಡಿಕೊಳ್ಳುತ್ತೇನೆ ಎಂದೆ. ಎಷ್ಟು ಸುಲಭವಾಗಿ ಹೇಳಿಬಿಟ್ಟೆ ಎಂದು ಈಗಲೂ ಆಶ್ಚರ್ಯವಾಗುತ್ತದೆ.

ಮೊದಲ ದಿನಗಳು ಸಲೀಸಾಗಿ ಕಳೆದವು. ಮೂಗು ಮುಚ್ಚಿಕೊಂಡು ದಾರಕ್ಕೆ ಶೆಟ್ಲಿ ಕಟ್ಟಿ ಆಡಿಸಲು ಕಲಿತೆ. ಸಂಜೆ ಹೆಂಡತಿ ಫೋನನ್ನು ಅವರ ಕಿವಿಗೆ ಹಿಡಿಯುತ್ತಿದ್ದರು. ಆ ಕಡೆಯಿಂದ ಬರುತ್ತಿದ್ದುದು ಒಂದೇ ಮಾತು, ಅದೂ ತೊದಲು: "ತಿಂದ್ನಾ?" ನಾನು "ತಿಂದ" ಎನ್ನುತ್ತಿದ್ದೆ. ಅಷ್ಟಕ್ಕೆ ಮಾತು ಮುಗಿಯುತ್ತಿತ್ತು. ಡಾಕ್ಟರರ ಹತ್ತಿರ ಅವರು ಇಷ್ಟೂ ಮಾತಾಡುವುದಿಲ್ಲ ಎಂದು ಹೆಂಡತಿ ಹೇಳಿದರು.

ಮೂರನೆಯ ವಾರಕ್ಕೆ ಡ್ರಮ್ಮಿನ ನೀರು ಮುಗಿಯಿತು. ಹೊರಗೆ ಮಳೆ ಹೊಡೆಯುತ್ತಿತ್ತು. ಆಟೋದಲ್ಲಿ ಕ್ಯಾನು ಹೇರಿಕೊಂಡು ಅಪ್ಸರಕೊಂಡದ ಕಡೆ ಹೊರಟೆ. ಸಮುದ್ರಕ್ಕೆ ಇಳಿಯಬೇಡಿ ಎಂದು ಎಲ್ಲ ಕಡೆ ಎಚ್ಚರಿಕೆ, ದೂರದಿಂದಲೇ ಅಲೆಯ ಸದ್ದು ಕೇಳಿ ಆಟೋ ನಿಲ್ಲಿಸಲು ಹೇಳಿದೆ. ಆಟೋದವರು ಧಕ್ಕೆಯಲ್ಲೇ ತುಂಬಿಸಿಕೊಳ್ಳಬಹುದಲ್ಲ, ಅದೂ ಸಮುದ್ರದ್ದೇ ಅಲ್ಲವೇ ಎಂದರು. ಧಕ್ಕೆ ಎಂದರೆ ಬೋಟು ಕಟ್ಟುವ ಕಟ್ಟೆ, ಅಳಿವೆಯ ಒಳಗಿದೆ. ಬೋಟುಗಳಿದ್ದವು, ಅಲೆಯಿತ್ತು, ಮೀನಿನ ವಾಸನೆಯಿತ್ತು. ಸಮುದ್ರವೆನ್ನಲು ನನಗೆ ಇನ್ನೇನು ಬೇಕಿತ್ತು? ಕ್ಯಾನು ತುಂಬಿಸಿಕೊಂಡೆ. ಬೆರಳು ಅದ್ದಿದೆನಾದರೂ ನೀರಿನ ಮೇಲೆ ಎಣ್ಣೆಯ ಪೊರೆ ಕಂಡು ಅಸಹ್ಯವಾಗಿ ಸೀರೆಗೆ ಒರೆಸಿಕೊಂಡೆ. ಮಳೆಗಾಲದಲ್ಲಿ ಶರಾವತಿ ಅಳಿವೆಯ ಉಪ್ಪನ್ನೆಲ್ಲ ಹೊರಗೆ ತಳ್ಳಿರುತ್ತದೆ ಎಂದು ಗಜನಿ ಗದ್ದೆಯ ಮಗಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಂಥ ಮಳೆಗಾಗಿಯೇ ನಮ್ಮಪ್ಪ ಪ್ರತಿವರ್ಷ ಕಾಯುತ್ತಿದ್ದ.

ಅರ್ಧ ತೊಟ್ಟಿ ಖಾಲಿ ಮಾಡಿ ಆ ನೀರು ಸುರಿದೆ. ಮರುದಿನ ಮೀನು ಶೆಟ್ಲಿಯ ಕಡೆ ತಿರುಗಲಿಲ್ಲ. ಅದು ಮೊದಲೂ ಅಲ್ಲಾಡುತ್ತಿರಲಿಲ್ಲವಾದ್ದರಿಂದ ಕಾಯಿಲೆಯೋ ಮಾಮೂಲೋ ತಿಳಿಯಲಿಲ್ಲ. ಅದರ ಮಾರನೆಯ ದಿನ ಮೈ ಊದಿಕೊಂಡು ಕಲ್ಲಿನಿಂದ ಜಾರಿ ಓರೆಯಾಗಿ ಬಿದ್ದಿತ್ತು. ಆಗ ನಾನು ತೊಟ್ಟಿಗೆ ಬೆರಳು ಅದ್ದಿ ನಾಲಿಗೆಗೆ ಹಚ್ಚಿದೆ. ಸಮುದ್ರದ ನೀರಿನ ಅರ್ಧದಷ್ಟೂ ಉಪ್ಪಿಲ್ಲದೆ ಸಪ್ಪೆ.

ಶಾಲೆಗೆ ರಜೆ ಹಾಕಿ ಅಪ್ಸರಕೊಂಡದ ಆಚೆಗೆ ಓಡಿದೆ. ಆಟೋದವರೇ ಮೊಣಕಾಲವರೆಗೆ ನೀರಿಗಿಳಿದು ಕ್ಯಾನು ತುಂಬಿಸಿಕೊಟ್ಟರು. ಈ ಸಲ ದಡದಲ್ಲೇ ರುಚಿ ನೋಡಿದೆ. ಭಟ್ಕಳದ ಮೀನಿನ ಅಂಗಡಿಯೊಂದಕ್ಕೆ ಫೋನು ಮಾಡಿದರೆ, ತಮ್ಮಲ್ಲಿರುವುದು ಸಿಹಿನೀರಿನ ಬಣ್ಣದ ಮೀನು ಮಾತ್ರ, ಇಂಥದ್ದನ್ನು ಯಾರೂ ಸಾಕುವುದಿಲ್ಲ ಎಂದರು. ಲೋಟದಿಂದ ಸ್ವಲ್ಪ ಸ್ವಲ್ಪವೇ ಹೊಸ ನೀರು ಹಾಕುತ್ತ ಕೂತೆ. ಇನ್ನೇನೂ ಮಾಡಲು ನನಗೆ ಗೊತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಣೆಯ ಕಡ್ಡಿ ಒಂದು ಸಲ ಎದ್ದು ಅಲ್ಲಾಡಿತು. ಬದುಕಿತು ಎಂದುಕೊಂಡೆ. ಅದೇ ಕೊನೆ.

ಹೊಳೆಗೆ ಬಿಡಲು ಮನಸ್ಸಾಗಲಿಲ್ಲ, ಅದನ್ನು ಕೊಂದದ್ದು ಅದೇ ನೀರು. ಹಿತ್ತಿಲ ತೆಂಗಿನ ಬುಡದಲ್ಲಿ ಹೂಳಿದೆ. ಸಂಜೆ ಫೋನು ಬಂತು. "ತಿಂದ್ನಾ?" ನಾನು "ತಿಂದ" ಎಂದೆ. ಮರುದಿನವೂ ಎಂದೆ, ಅದರ ಮರುದಿನವೂ. ಕೇಳುವವರಿಗೆ ಬೇರೆ ಆಸೆಯೇ ಇಲ್ಲದಾಗ ನಿಜ ಹೇಳುವ ಧೈರ್ಯ ನನಗೆ ಬರಲಿಲ್ಲ. ಮೋಟಾರು ನಿಲ್ಲಿಸಲಿಲ್ಲ. ವಾರಕ್ಕೊಮ್ಮೆ ಆಟೋ ಮಾಡಿ ಸರಿಯಾದ ನೀರು ತಂದು ಎರಡು ಕಲ್ಲುಗಳಿಗೆ ಹಾಕುತ್ತಿದ್ದೆ.

ಇನ್ನು ಮಾಡುವುದೇನೂ ಇಲ್ಲ ಎಂದು ಆಸ್ಪತ್ರೆಯವರು ಅವರನ್ನು ಮನೆಗೆ ಕಳಿಸಿದರು. ತೊಟ್ಟಿಯ ಪಕ್ಕದಲ್ಲೇ ಹಾಸಿಗೆ ಹಾಸಿದರು. ಕುಮಟೆಯ ನೆಂಟರ ಹಾಗೆ ಮೋಸ ಹೋಗುವ ಕಣ್ಣಲ್ಲ ಅವರದು. ಒಂದು ಕಲ್ಲನ್ನು ನೋಡಿದರು, ಇನ್ನೊಂದನ್ನು ನೋಡಿದರು. ನಾನು ಕಾರಿನ ಸದ್ದು ಕೇಳಿದಾಗಿನಿಂದ ಬಾಯಿಪಾಠ ಮಾಡಿಕೊಂಡಿದ್ದ ಮಾತನ್ನು ಶುರುಮಾಡಲು ಬಾಯಿ ತೆರೆದೆ. ಅವರು ಎಡಗೈ ಎತ್ತಿ ತೊಟ್ಟಿಯ ಕಡೆ ಚಾಚಿದರು, ಎಟುಕಲಿಲ್ಲ. ನಾನು ಬಟ್ಟಲಿನಲ್ಲಿ ನೀರು ಮೊಗೆದು ಹಿಡಿದೆ. ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡು ಕಣ್ಣು ಮುಚ್ಚಿದರು.

"ಇದು ಸಮಾ ಅದೆ," ಎಂದರು ನಿಧಾನವಾಗಿ, ಒಂದೊಂದೇ ಶಬ್ದ ಹುಡುಕಿ. "ಮೊದ್ಲು ಹಾಕಿದ್ ನೀರು ಎಲ್ಲಿದು?"

"ಧಕ್ಕೆದು."

"ರುಚಿ ನೋಡ್ಲಿಲ್ವಾ, ಅಕ್ಕೋರೇ?"

ಇಲ್ಲ ಎಂದೆ. ಬಯ್ಯಲಿ ಎಂದು ಕಾದೆ. ಅವರು ಮತ್ತೆ ತೊಟ್ಟಿಯ ಕಡೆ ನೋಡುತ್ತ, "ಅಷ್ಟು ದೊಡ್ಡ ಬಾಯಿ. ಹೇಳುಕೆ ಬರ್ಲಿಲ್ಲ ನೋಡಿ ಅಂವನಿಗೆ," ಎಂದರು. ಆಮೇಲೆ ಮೋಟಾರು ಬಂದ್ ಮಾಡಲು ಸನ್ನೆ ಮಾಡಿದರು. ಆ ಗುಳುಗುಳು ನಿಂತಾಗ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ, ಆ ಮೀನನ್ನು ದಿನವೂ ಬಯ್ಯುತ್ತಿದ್ದವರು, ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಅದಾಗಿ ಎರಡು ವಾರಕ್ಕೆ, ಚೌತಿ ಹತ್ತಿರ ಬಂದಿದ್ದಾಗ, ಒಂದು ಬೆಳಿಗ್ಗೆ ಅವರ ಮನೆಯಿಂದ ನನಗೆ ಕರೆ ಬಂತು. ಜಗಲಿಯಲ್ಲಿ ಬೋಟಿನವರು ನೆರೆದಿದ್ದರು. ಒಬ್ಬೊಬ್ಬರೇ ಒಳಗೆ ಹೋಗಿ ತುಳಸಿ ಎಲೆಯಿಂದ ಅವರ ಬಾಯಿಗೆ ನೀರು ಬಿಡುತ್ತಿದ್ದರು. ಹೆಂಡತಿ ನನ್ನ ಕೈಗೂ ಲೋಟ ಕೊಟ್ಟು, "ನೀವೂ ಬಿಡಿ ಅಕ್ಕೋರೇ, ನಿಮ್ಮನ್ನ ಕೇಳ್ತಿದ್ರು," ಎಂದರು.

ನಾನು ಲೋಟ ಹಿಡಿದು ನೇರ ಅವರ ಹತ್ತಿರ ಹೋಗಲಿಲ್ಲ. ಅಡುಗೆಮನೆಗೆ ಹೋಗಿ, ಆ ಲೋಟಕ್ಕೆ ನೀರು ತುಂಬಿದ ಕೊಡದಿಂದ ಅಂಗೈಗೆ ಎರಡು ಹನಿ ಹಾಕಿಕೊಂಡು ನಾಲಿಗೆಗೆ ಹಚ್ಚಿ ನೋಡಿದೆ. ಬಾವಿಯ ನೀರು, ಸಿಹಿಯಾಗಿತ್ತು. ಆಮೇಲೆ ಬಂದು ಅವರ ಬಾಯಿಗೆ ಬಿಟ್ಟೆ.