ಗೋರ್ವಾದ ಅಂಗಡಿಯಲ್ಲಿ ಮೈಕ್ ಪರೀಕ್ಷೆ

“ಬೋಲೋ ಬೆನ್, ಕುಛ್ ಭೀ ಬೋಲೋ”, ಅಕ್ಕಾ ಏನಾದರೂ ಮಾತಾಡಿ, ಎನ್ನುತ್ತಾ ಅಂಗಡಿಯವ ಮೈಕನ್ನು ನನ್ನ ಹೆಂಡತಿಯ ಕೈಗಿತ್ತ. ತೊಂಬತ್ತರ ದಶಕ, ವರ್ಗವಾಗಿ ವಡೋದರಾದ ಗೋರ್ವಾಕ್ಕೆ ಬಂದ ಹೊಸತು. ಧಾರವಾಡದಲ್ಲಿದ್ದ ಅತ್ತೆಗೆ ಮಗಳ ಹಾಡು ಕೇಳದೆ ಊಟ ಸೇರುತ್ತಿರಲಿಲ್ಲವಂತೆ. ಮನೆಯಲ್ಲೇ ಹಾಡು ರೆಕಾರ್ಡ್ ಮಾಡಿ ಕ್ಯಾಸೆಟ್ ಕಳಿಸೋಣವೆಂದು, ಟೇಪ್‌ರೆಕಾರ್ಡರಿಗೆ ಒಳ್ಳೆಯ ಮೈಕ್ ಕೊಳ್ಳಲು ಹೋಗಿದ್ದೆವು.

ಅಂಗಡಿಯವ ಎರಡು ಮೈಕ್ ತೆಗೆದಿಟ್ಟು, ಮೊದಲನೆಯದನ್ನು ಬಾಗಿಲ ಬಳಿಯ ದೊಡ್ಡ ಸ್ಪೀಕರಿಗೆ ಜೋಡಿಸಿದ್ದ. ಬೀದಿಗೆಲ್ಲ ಕೇಳುವಂತೆ ಹಾಡಲು ಇವಳಿಗೆ ನಾಚಿಕೆ. “ಇದೇ ಸಾಕು, ತಗೊಂಡುಬಿಡೋಣ” ಎಂದೆ. ಇಲ್ಲಿ ಕನ್ನಡ ಯಾರಿಗೆ ಗೊತ್ತು ಎಂಬ ಧೈರ್ಯದಲ್ಲಿ ಇವಳು ಮೈಕಿನಲ್ಲೇ ಶುರುಮಾಡಿದಳು:

“ಬದನಿಕಾಯಿ ಆರಿಸ್ಲಿಕ್ಕೆ ಬರೂದಿಲ್ಲ ನಿಮಗ, ಮೈಕ್ ಆರಿಸ್ಲಿಕ್ಕೆ ಬಂದೀರಿ! ನಿನ್ನೆ ತಂದದ್ದರಾಗ ಬರೇ ಹುಳಾ!”

ಎರಡನೆಯ ಮೈಕ್ ಕೈಗೆ ಬರುವಷ್ಟರಲ್ಲಿ ಮಾತು ನಾನು ಆರಿಸಿ ತಂದಿದ್ದ ದೀಪಾವಳಿ ಸೀರೆಯವರೆಗೆ ಹೋಗಿತ್ತು. ಒಂದಕ್ಷರ ಅರ್ಥವಾಗದ ಅಂಗಡಿಯವ “ಬಹುತ್ ಅಚ್ಛಾ” ಎಂದು ತಲೆದೂಗುತ್ತಿದ್ದ.

ಆಗ ಎದುರಿನ ಹೋಟೆಲಿನ ಯಜಮಾನರು ಕೈ ಒರೆಸಿಕೊಳ್ಳುತ್ತಾ ರಸ್ತೆ ದಾಟಿ ಬಂದರು. ಉಡುಪಿ ಕಡೆಯವರು.

“ಅಕ್ಕಾ, ಎರಡನೆಯದೇ ತಗೊಳ್ಳಿ. ಮೊದಲಿನದ್ರಲ್ಲಿ ನೀವು ಬೈದದ್ದು ನಮಗೆ ಅಷ್ಟು ಸ್ಪಷ್ಟ ಆಗ್ಲಿಲ್ಲ.”

ಇವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಎರಡನೆಯದನ್ನೇ ಕೊಂಡೆವು. ಹಾಡು ಸೊಗಸಾಗಿ ಬಂತು, ಅತ್ತೆ ಕೇಳಿ ಕಣ್ಣೀರು ಹಾಕಿದರಂತೆ. ಆದರೆ ನಾವು ವಡೋದರಾದಲ್ಲಿ ಇದ್ದಷ್ಟು ಕಾಲವೂ, ಆ ಹೋಟೆಲಿಗೆ ಹೋದಾಗಲೆಲ್ಲ ಯಜಮಾನರು ‘ಪಾಪ’ ಎನ್ನುವಂತೆ ನೋಡಿ, ನನ್ನ ತಟ್ಟೆಗೆ ಮಾತ್ರ ಒಂದು ವಡೆ ಹೆಚ್ಚಿಗೆ ಹಾಕಿಸುತ್ತಿದ್ದರು.