ಎಮ್ಮೆಲ್ಲೆ ಅಕ್ಕನ ನಿದ್ದೆ

ಓಣಿಯವರೆಲ್ಲ ಅವಳನ್ನು ಎಮ್ಮೆಲ್ಲೆ ಅಕ್ಕ ಎಂದೇ ಕರೆಯುತ್ತಿದ್ದರು. ಅವಳು ಚುನಾವಣೆಗೆ ನಿಂತವಳಲ್ಲ, ಯಾವ ಪಕ್ಷದ ಬಾವುಟ ಹಿಡಿದವಳೂ ಅಲ್ಲ. ಸಮವಸ್ತ್ರ ಹೊಲಿಯುವ ಅಂಗಡಿಯವರು ತಂದು ಸುರಿದ ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಹಚ್ಚುವುದು ಅವಳ ಕಸುಬು. ತಿಂಗಳಿಗೊಂದು ಭಾನುವಾರ ಮಾತ್ರ ಅವಳು ಶಾಸಕರಾಗುತ್ತಿದ್ದಳು. ಹೊಲಿಗೆ ಯಂತ್ರವನ್ನು ನಡುಮನೆಗೆ ಎಳೆದು, ಮೇಲೊಂದು ಹಳೇ ಬೆಡ್‌ಶೀಟು ಹೊದಿಸಿ ಮೇಜು ಮಾಡಿ, ಅದರ ಹಿಂದೆ ಕಾಲ ಮೇಲೆ ಕಾಲು ಹಾಕಿ ಕೂತುಬಿಟ್ಟರೆ ಮುಗಿಯಿತು. ಬಂದವರ ಕಡೆ ಕತ್ತೆತ್ತಿಯೂ ನೋಡದೆ, ದಪ್ಪ ದನಿ ಮಾಡಿಕೊಂಡು, ಇರೋದು ಎರಡೇ ನಿಮಿಷ, ಏನು ಬೇಕೋ ಬೇಗ ಹೇಳಿ ಎನ್ನುತ್ತಿದ್ದಳು. ಹೊಸಬರಿಗೆ ಅಲ್ಲೇ ಅರ್ಧ ಜೀವ ಹೋಗುತ್ತಿತ್ತು.

ಹೀಗೆ ಜೀವ ಕೈಯಲ್ಲಿ ಹಿಡಿದುಕೊಂಡು ಬರುತ್ತಿದ್ದವರು ಒಂದು ಪುಟ್ಟ ಸಂಘದವರು. ಹಾಸಿಗೆ ಹಿಡಿದವರನ್ನು, ನೆನಪು ಕಳೆದುಕೊಂಡವರನ್ನು ಮನೆಯಲ್ಲೇ ನೋಡಿಕೊಳ್ಳುವವರೆಲ್ಲ ಸೇರಿ ಕಟ್ಟಿಕೊಂಡ ಸಂಘ ಅದು. ಸರ್ಕಾರದಿಂದ ಅವರು ಕೇಳುತ್ತಿದ್ದದ್ದು ಒಂದೇ, ಊರಿಗೊಂದು ವಿಶ್ರಾಂತಿ ಮನೆ. ವರ್ಷದಲ್ಲಿ ಕೆಲವು ವಾರ ರೋಗಿಯನ್ನು ನಂಬಿಕೆಯಿಂದ ಬಿಟ್ಟು, ನೋಡಿಕೊಳ್ಳುವವರು ಉಸಿರು ಬಿಟ್ಟುಕೊಂಡು ಬರಲು ಒಂದು ಜಾಗ. ಕೇಳುವುದಕ್ಕೆ ಇಷ್ಟು ಸರಳ. ಆದರೆ ಮೊದಲ ಸಲ ಶಾಸಕರೊಬ್ಬರ ಮುಂದೆ ಹೋಗಿ ನಿಂತಾಗ ಎಲ್ಲರೂ ಒಟ್ಟಿಗೇ ಬಾಯಿ ತೆರೆದರು. ಒಬ್ಬರು ಅತ್ತರು. ಸಂಘದ ಕಾರ್ಯದರ್ಶಿಯಾಗಿದ್ದ ನಿವೃತ್ತ ಮೇಷ್ಟ್ರು ಸಂಘ ಹುಟ್ಟಿದ ಕಥೆಯಿಂದ ಶುರುಮಾಡಿ ಬೇಡಿಕೆಗೆ ಬರುವಷ್ಟರಲ್ಲಿ ಶಾಸಕರು ಕಾರು ಹತ್ತಿದ್ದರು. ತಾಲೀಮು ಬೇಕು ಎಂದು ಎಲ್ಲರಿಗೂ ಅರ್ಥವಾದದ್ದು ಆ ಕಾರಿನ ಧೂಳು ಕುಡಿದ ಮೇಲೆ.

ತಾಲೀಮು ಅವಳ ಮನೆಯಲ್ಲೇ ನಡೆಯುತ್ತಿತ್ತು, ಏಕೆಂದರೆ ಅವಳು ಮನೆ ಬಿಟ್ಟು ಕದಲುವಂತಿರಲಿಲ್ಲ. ಒಳಕೋಣೆಯಲ್ಲಿ ತಮ್ಮ ಮಲಗಿದ್ದ. ಕರೆಂಟಿನ ಕೆಲಸದವನು. ಏಣಿಯಿಂದ ಬಿದ್ದು ಕತ್ತಿನ ಕೆಳಗಿನದೆಲ್ಲ ಸುಮ್ಮನಾಗಿತ್ತು, ಕತ್ತಿನ ಮೇಲಿನದು ಮಾತ್ರ ಇಬ್ಬರಿಗಾಗುವಷ್ಟು ಚುರುಕು. ಅವನು ಬಿದ್ದಾಗ ಅಪ್ಪ ಅಮ್ಮ ಆಗಲೇ ಹೋಗಿಯಾಗಿತ್ತು. ಅಕ್ಕನ ಮದುವೆಯ ಮಾತು ಆಮೇಲೂ ಎರಡು ಸಲ ಬಂದು, ಒಳಕೋಣೆಯ ಕಡೆ ಒಮ್ಮೆ ನೋಡಿ, ಹೊಸಿಲಿನಿಂದಲೇ ವಾಪಸು ಹೋಗಿತ್ತು. ಮಧ್ಯಾಹ್ನಗಳಲ್ಲಿ ಇಬ್ಬರೂ ಟಿವಿಯಲ್ಲಿ ಸದನದ ಕಲಾಪ ನೋಡುತ್ತಿದ್ದರು, ಬೇರೆಯವರು ಧಾರಾವಾಹಿ ನೋಡುವ ಹಾಗೆ. ಶಾಸಕರ ವರಸೆಗಳನ್ನೆಲ್ಲ ಅವಳು ಕಲಿತದ್ದು ಅಲ್ಲಿಂದ. ನಿಜವಾದ ಶಾಸಕರೊಬ್ಬರನ್ನು ಹತ್ತಿರದಿಂದ ಕಂಡವಳೇ ಅಲ್ಲ.

ಎದುರಿನವರು ಬಾಯಿ ತೆರೆದ ಕೂಡಲೇ ಫೋನು ಕೈಗೆತ್ತಿಕೊಳ್ಳುವುದು, ನೀವು ಯಾವ ಕ್ಷೇತ್ರದವರು ಎಂದು ದಾರಿ ತಪ್ಪಿಸುವುದು, ಒಳ್ಳೇ ಕೆಲಸ ಮಾಡ್ತಿದ್ದೀರಿ ಎಂದು ಬೆನ್ನು ತಟ್ಟಿ ಎದ್ದು ನಿಲ್ಲುವುದು, ಎಲ್ಲವೂ ಅವಳಿಗೆ ನೀರು ಕುಡಿದಷ್ಟು ಸುಲಭ. ಮೇಷ್ಟ್ರು ಬಂದವರಿಗೆ, ಮೊದಲು ನಿಮ್ಮ ಊರು ಹೇಳಿ, ಆಮೇಲೆ ಬೇಡಿಕೆ ಹೇಳಿ, ಆಮೇಲೆ ನಿಮ್ಮ ಮನೆಯ ಕಥೆ ಒಂದೇ ನಿಮಿಷ, ಆಗಲ್ಲ ಅಂದರೆ ಏನು ಮಾಡಿದರೆ ಆಗುತ್ತೆ ಅಂತ ಕೇಳಿ ಎಂದು ಹೇಳಿಕೊಡುತ್ತಿದ್ದರು. ಹೇಳಿಕೊಟ್ಟದ್ದನ್ನೆಲ್ಲ ಅವಳು ಒಂದೊಂದಾಗಿ ಮಣ್ಣುಪಾಲು ಮಾಡುತ್ತಿದ್ದಳು. ಯಾರಾದರೂ ಇದನ್ನೆಲ್ಲ ದಾಟಿ ಬಂದರೆ ಅವರಿಗಾಗಿ ಒಂದು ಪ್ರಶ್ನೆ ಎತ್ತಿಟ್ಟುಕೊಂಡಿದ್ದಳು. ಮನೆಯವರನ್ನ ಮನೆಯವರು ನೋಡ್ಕೊಳ್ಳೋದಕ್ಕೂ ಸರ್ಕಾರ ಬರ್ಬೇಕೇನ್ರೀ ಎಂದು ಕೇಳುತ್ತಿದ್ದಳು. ಇದಕ್ಕೆ ಮಾತ್ರ ಯಾರೂ ನೆಟ್ಟಗೆ ಉತ್ತರ ಕೊಟ್ಟಿರಲಿಲ್ಲ. ಅವಳ ಹತ್ತಿರವೂ ಉತ್ತರ ಇರಲಿಲ್ಲ.

ಈ ಶಾಸಕರ ದರ್ಶನಕ್ಕೆ ಕಾಣಿಕೆಯೂ ಇತ್ತು. ಬಂದವರೆಲ್ಲ ತಲಾ ಎರಡು ಸೂಜಿಗೆ ದಾರ ಪೋಣಿಸಿಕೊಟ್ಟೇ ಕೂರಬೇಕು. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸಂಜೆಯಾದರೆ ಬೀದಿ ದೀಪಗಳು ಒಂದೊಂದೂ ಹತ್ತಿಯ ಉಂಡೆಯ ಹಾಗೆ ಉಬ್ಬಿಕೊಳ್ಳುತ್ತಿದ್ದವು. ಬಾಗಿಲಲ್ಲಿ ಯಾರಾದರೂ ನಿಂತರೆ ಅವರ ಮುಖಕ್ಕಿಂತ ಮೊದಲು ಸುತ್ತಲಿನ ಬೆಳಕು ಕಾಣುತ್ತಿತ್ತು. ನೋಡಲು ಚೆಂದವೇ, ಅದಕ್ಕೇನು. ಆದರೆ ಕಾಜಾ ಹೊಲಿಯುವವಳು ಚೆಂದ ಕಟ್ಟಿಕೊಂಡು ಏನು ಮಾಡಬೇಕು. ಆಪರೇಷನ್ ಆಗಲೇಬೇಕು, ತಡ ಮಾಡಿದಷ್ಟೂ ಕಷ್ಟ ಎಂದು ಡಾಕ್ಟರು ಹೇಳಿದ್ದರು. ಮಾಡಿಸಿದ ಮೇಲೆ ಕೆಲವು ವಾರ ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ. ಅವಳ ಮನೆಯಲ್ಲಿ ಭಾರ ಎಂದರೆ ತಮ್ಮ. ಅವನನ್ನು ಎತ್ತದೆ ಅವಳಿಗೆ ಒಂದು ದಿನ ಕಳೆಯುತ್ತಿರಲಿಲ್ಲ. ವಿಶ್ರಾಂತಿ ಮನೆ ಬಂದರೆ ಅವಳಿಗೆ ಕಣ್ಣು, ಬರದಿದ್ದರೆ ಕತ್ತಲು, ವಿಷಯ ಇಷ್ಟೇ ಇತ್ತು.

ಹುಣ್ಣಾಗಬಾರದೆಂದು ರಾತ್ರಿಯೆಲ್ಲ ಆಗಾಗ ಎದ್ದು ಅವನ ಮಗ್ಗುಲು ಬದಲಿಸಬೇಕಿತ್ತು. ಹರಿದು ಹರಿದು ಬರುವ ಅಂಥ ನಿದ್ದೆಯಿಂದ ಕನಸು ಯಾವುದು ಎಚ್ಚರ ಯಾವುದು ಎಂಬ ಗಡಿಯೇ ಅವಳಿಗೆ ಅಳಿಸಿಹೋಗಿತ್ತು. ಗುಂಡಿ ಹಚ್ಚುತ್ತ ಕೂತಿದ್ದ ಹಾಗೆಯೇ ಕೋಣೆ ನಿಧಾನಕ್ಕೆ ಅಗಲವಾಗುತ್ತಿತ್ತು. ಗೋಡೆಗಳು ಹಿಂದೆ ಸರಿದು, ಹಸಿರು ಚರ್ಮದ ಕುರ್ಚಿಗಳು ಸಾಲುಸಾಲಾಗಿ ಬಂದು ನಿಲ್ಲುತ್ತಿದ್ದವು. ಸಭಾಧ್ಯಕ್ಷರ ಪೀಠದಲ್ಲಿ ಅಮ್ಮ ಕೂತು ಬಟಾಣಿ ಬಿಡಿಸುತ್ತಿರುತ್ತಿದ್ದಳು. ತಮ್ಮ ಹೆಗಲ ಮೇಲೆ ಏಣಿ ಇಟ್ಟುಕೊಂಡು ಕುರ್ಚಿಗಳ ನಡುವೆ ನಡೆದು ಬಂದು, ಒಂದು ಬಲ್ಬು ಬದಲಾಯಿಸಿ, ಯಾರಿಗೂ ಏನೂ ಹೇಳದೆ ಹೊರಟುಹೋಗುತ್ತಿದ್ದ. ಬೆಚ್ಚಿ ಕಣ್ಣು ಬಿಟ್ಟರೆ ಕೈಯಲ್ಲಿ ಸೂಜಿ ಹಾಗೇ ಇರುತ್ತಿತ್ತು, ಗುಂಡಿ ಮಾತ್ರ ಹೊಲಿದು ಮುಗಿದಿರುತ್ತಿತ್ತು. ಯಾರು ಹೊಲಿದರೋ ದೇವರೇ ಬಲ್ಲ.

ಒಳಕೋಣೆಗೂ ನಡುಮನೆಗೂ ನಡುವೆ ಇದ್ದದ್ದು ಒಂದು ಪರದೆ. ತಾಲೀಮಿನ ದಿನ ಅದರ ಆಚೆ ತಮ್ಮ ಸುಮ್ಮನೆ ಮಲಗಿರುವ ಆಸಾಮಿಯಲ್ಲ. ಯಾರಾದರೂ ಮಾತು ಎಳೆದರೆ, ಮಾನ್ಯ ಸದಸ್ಯರು ವಿಷಯಕ್ಕೆ ಬರಬೇಕು ಎಂದು ಕೂಗುತ್ತಿದ್ದ. ಮೇಷ್ಟ್ರು ಬಾಯಿ ತೆರೆದರೆ ಸಾಕು, ಸಭೆಯನ್ನು ನಾಳೆಗೆ ಮುಂದೂಡಲಾಗಿದೆ ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಆದರೆ ಅದೇ ಪರದೆಯ ಆಚೆಯಿಂದ ಅವನು ಉಳಿದದ್ದನ್ನೂ ಕೇಳಿಸಿಕೊಳ್ಳುತ್ತಿದ್ದ. ಬೆನ್ನು ಬಿದ್ದುಹೋಗಿದೆ ಎನ್ನುವವರು, ಮದುವೆಗೂ ಹೋಗಿಲ್ಲ ಸಾವಿಗೂ ಹೋಗಿಲ್ಲ ಎನ್ನುವವರು, ಒಂದೊಂದು ಸಲ ಇವರು ಹೋಗಿಬಿಟ್ಟರೆ ಸಾಕು ಅನಿಸುತ್ತೆ, ಆಮೇಲೆ ನನ್ನ ಕೆನ್ನೆಗೆ ನಾನೇ ಹೊಡ್ಕೋತೀನಿ ಎಂದು ಕಣ್ಣೊರೆಸಿಕೊಳ್ಳುವವರು. ಇಂಥ ಮಾತು ಬಂದಾಗ ಆಚೆಯಿಂದ ಕೆಮ್ಮಿನ ಸದ್ದೂ ಬರುತ್ತಿರಲಿಲ್ಲ.

ಎಮ್ಮೆಲ್ಲೆ ಅಕ್ಕ ಮಾತ್ರ ತನ್ನ ಮನೆಯ ಕಥೆ ಒಮ್ಮೆಯೂ ಹೇಳಿರಲಿಲ್ಲ. ಶಾಸಕರ ಪಾತ್ರ ಇವಳಷ್ಟು ಚೆನ್ನಾಗಿ ಇನ್ಯಾರಿಗೆ ಬರುತ್ತೆ ಎಂದು ಸಂಘದವರು ಹೊಗಳುತ್ತಿದ್ದರು, ಅವಳೂ ಹೌದೌದು ಎಂದು ತಲೆಯಾಡಿಸುತ್ತಿದ್ದಳು. ನಿಜ ಏನೆಂದರೆ ಆ ಮೇಜಿನ ಹಿಂದೆ ಅವಳು ಅಡಗಿ ಕೂತಿದ್ದಳು. ತನಗೆ ಸಾಕಾಗಿದೆ ಎಂಬ ಮಾತು ತಮ್ಮನ ಕಿವಿಗೆ ಬೀಳುವುದಕ್ಕಿಂತ ಎರಡೂ ಕಣ್ಣು ಹೋದರೂ ಚಿಂತೆಯಿಲ್ಲ ಎಂದು ತೀರ್ಮಾನ ಮಾಡಿಕೊಂಡಿದ್ದಳು. ಇದನ್ನು ಹುಚ್ಚು ಎನ್ನುವವರಿಗೆ ತಮ್ಮಂದಿರು ಇರಲಿಕ್ಕಿಲ್ಲ.

ಆ ವರ್ಷ ಆರೋಗ್ಯ ಸಮಿತಿಯ ಅಧ್ಯಕ್ಷೆಯಾಗಿದ್ದ ಶಾಸಕಿಯೊಬ್ಬರು ಸಂಘದವರಿಗೆ ಭೇಟಿಯ ಸಮಯ ಕೊಟ್ಟರು. ವಿಶ್ರಾಂತಿ ಮನೆಯ ವಿಷಯ ಸದನಕ್ಕೆ ಬರಬೇಕಾದರೆ ಮೊದಲು ಅವರ ಸಮಿತಿಯನ್ನು ದಾಟಬೇಕು. ಕಥೆ ಹೇಳಲು ಸಂಘದಲ್ಲಿದ್ದ ಬೇಕರಿಯವನೊಬ್ಬ ತಯಾರಾಗಿದ್ದ. ಅವನ ತಾಯಿ ಬಹಳ ಕಾಲದಿಂದ ಹಾಸಿಗೆ ಹಿಡಿದಿದ್ದರು. ಎಮ್ಮೆಲ್ಲೆ ಅಕ್ಕನ ಕೈಯಲ್ಲಿ ಮೂರು ಭಾನುವಾರ ಬೈಸಿಕೊಂಡು ಅವನು ಒಂದು ನಿಮಿಷಕ್ಕೆ ಕಥೆಯನ್ನು ಹದಕ್ಕೆ ತಂದಿದ್ದ. ಭೇಟಿಗೆ ವಾರವಿದ್ದಾಗ ತಾಯಿ ತೀರಿಕೊಂಡರು. ಬೇಕರಿಯವನು ಬಂದು ನಡುಮನೆಯಲ್ಲಿ ಕೂತು, ಅಭ್ಯಾಸಬಲದಿಂದ ಎರಡು ಸೂಜಿಗೆ ದಾರ ಪೋಣಿಸಿ, ಇನ್ನು ನಾನು ಏನಂತ ಹೇಳ್ಲಿ ಅಕ್ಕಾ, ನಂಗೀಗ ಕೈ ಖಾಲಿ ಎಂದ. ಆಮೇಲೆ, ನೀವು ಹೋಗಿ, ಇಲ್ಲಿ ನಾನಿರ್ತೀನಿ, ಮಗ್ಗುಲು ಬದಲಿಸೋದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದ. ಅವಳು ನೂರೆಂಟು ನೆಪ ತೆಗೆದಳು. ಆಗ ಪರದೆಯ ಆಚೆಯಿಂದ ತಮ್ಮನ ದನಿ ಬಂತು.

"ಹೋಗಕ್ಕ. ನನ್ನ ಮಾನ ಎಷ್ಟು ಬೇಕೋ ಅಷ್ಟು ಕಳಿ. ಹೆಂಗಿದ್ರೂ ನಂಗೆ ಕೇಳ್ಸಲ್ಲ."

ಹೀಗೆ ಅವಳು ಹೋದಳು. ಬಸ್ಸಿನಲ್ಲಿ ತನ್ನ ಒಂದು ನಿಮಿಷವನ್ನು ಮನಸ್ಸಿನಲ್ಲೇ ಹೊಲಿಯುತ್ತ, ಬಿಚ್ಚುತ್ತ, ಮತ್ತೆ ಹೊಲಿಯುತ್ತ ಕೂತಿದ್ದಳು. ಶಾಸಕಿಯ ಕಚೇರಿಯಿದ್ದ ಕಟ್ಟಡದ ಒಳಗೆ ಉದ್ದನೆಯ ಹಾದಿ, ಎರಡೂ ಕಡೆ ಬಾಗಿಲುಗಳು, ಮೇಲೆ ದೀಪಗಳು. ಆ ದೀಪಗಳೆಲ್ಲ ಅವಳ ಕಣ್ಣಿಗೆ ಅರಳಿಕೊಂಡು, ಒಂದರೊಳಗೊಂದು ಸೇರಿಕೊಂಡು, ನೆಲದ ಮೇಲೆ ನಡೆಯುತ್ತಿದ್ದೇನೋ ಬೆಳಕಿನ ಮೇಲೋ ತಿಳಿಯದಂತಾಯಿತು. ಅಮ್ಮ ಇಲ್ಲೇ ಎಲ್ಲೋ ಬಟಾಣಿ ಬಿಡಿಸುತ್ತಿರಬೇಕು ಎನಿಸಿ, ತೆರೆದ ಬಾಗಿಲುಗಳ ಒಳಗೆ ಇಣುಕಿಯೂ ನೋಡಿದಳು. ಮೇಷ್ಟ್ರು ಮೊಣಕೈ ಹಿಡಿದು ನಡೆಸಿಕೊಂಡು ಹೋದರು.

ಶಾಸಕಿ ಅವಳು ಊಹಿಸಿದ ಹಾಗಿರಲಿಲ್ಲ. ಇಷ್ಟು ವರ್ಷ ಅವಳು ಆಡಿತೋರಿಸಿದ್ದು ದಪ್ಪ ದನಿಯ ಗಂಡಸನ್ನು. ಇಲ್ಲಿದ್ದದ್ದು ನೆಗಡಿ ಹಿಡಿದ ಸಣ್ಣ ಮೈಕಟ್ಟಿನ ಹೆಂಗಸು, ಎದುರಿಗೆ ಒಂದು ಲೋಟ ಬಿಸಿನೀರು. ಫೋನನ್ನು ಬೋರಲು ಹಾಕಿ, ಬನ್ನಿ, ಕೂತ್ಕೊಳ್ಳಿ ಎಂದರು. ಅವಳಿಗೆ ಸಿಕ್ಕಿದ್ದು ಮೂಲೆಯ ಸೋಫಾ. ಕೂತವರನ್ನು ಒಳಕ್ಕೆ ಎಳೆದುಕೊಳ್ಳುವ ಜಾತಿಯದು. ಕೋಣೆ ಬೆಚ್ಚಗಿತ್ತು. ಮೇಷ್ಟ್ರು ಊರು ಹೇಳಿದರು, ಬೇಡಿಕೆ ಹೇಳಿದರು, ಎಲ್ಲ ತಾಲೀಮಿನ ಹಾಗೆಯೇ ಸಾಗಿತ್ತು. ಇಲ್ಲಿ ತನ್ನನ್ನು ಯಾರೂ ಕೂಗಿ ಕರೆಯುವುದಿಲ್ಲ ಎಂಬ ಯೋಚನೆ ಅವಳಿಗೆ ಬಂತು. ಸುಮ್ಮನೆ ಬಂದ ಯೋಚನೆ. ಅದರ ಹಿಂದೆಯೇ ಗೋಡೆಗಳು ಮೆಲ್ಲಗೆ ಹಿಂದೆ ಸರಿದವು.

ಕಣ್ಣು ಬಿಟ್ಟಾಗ ಕೋಣೆಯಲ್ಲಿ ಮೇಷ್ಟ್ರು ಒಬ್ಬರೇ ಇದ್ದರು. ಶಾಸಕಿಯ ಕುರ್ಚಿ ಖಾಲಿ, ಕಿಟಕಿಗೆ ಯಾರೋ ತೆರೆ ಎಳೆದಿದ್ದರು. ತನ್ನ ಒಂದು ನಿಮಿಷ ಎಲ್ಲಿ ಹೋಯಿತು ಎಂದು ಅವಳು ಬೀಗದ ಕೈ ಕಳೆದುಕೊಂಡವರ ಹಾಗೆ ಗಾಬರಿಯಾಗಿ ಅತ್ತಿತ್ತ ನೋಡಿದಳು. ಆಮೇಲೆ ಅರ್ಥವಾಗಿ, ಭೂಮಿ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಅನಿಸಿತು. ಸಂಘಕ್ಕೆಲ್ಲ ತಾಲೀಮು ಕೊಟ್ಟವಳು, ಪರೀಕ್ಷೆಯ ದಿನ ಗಡದ್ದಾಗಿ ನಿದ್ದೆ ಹೊಡೆದಿದ್ದಳು.

ನಡೆದದ್ದನ್ನು ಮೇಷ್ಟ್ರು ವಾಪಸು ಬರುವ ಬಸ್ಸಿನಲ್ಲಿ ಹೇಳಿದರು. ಶಾಸಕಿ ಎಲ್ಲವನ್ನೂ ಕೇಳಿಸಿಕೊಂಡು ಆ ಹಳೇ ಪ್ರಶ್ನೆಯನ್ನೇ ಕೇಳಿದರಂತೆ. ಕುಹಕವಿಲ್ಲದೆ, ನಿಜಕ್ಕೂ ತಿಳಿದುಕೊಳ್ಳಬೇಕೆನ್ನುವವರ ಹಾಗೆ. ಮನೆಯವರು ಹೇಗೂ ನೋಡಿಕೊಳ್ಳುತ್ತಾರಲ್ಲ, ಸರ್ಕಾರ ಯಾಕೆ. ಮೇಷ್ಟ್ರು ಉತ್ತರಕ್ಕಾಗಿ ಸೋಫಾದ ಕಡೆ ತಿರುಗಿದರು. ಶಾಸಕಿಯೂ ತಿರುಗಿದರು. ಅಕ್ಕ ಬಾಯಿ ತೆರೆದುಕೊಂಡು ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಎಬ್ಬಿಸಲು ಹೋದ ಮೇಷ್ಟ್ರನ್ನು ಶಾ‌ಸಕಿ ಕೈಸನ್ನೆಯಲ್ಲೇ ತಡೆದರು. ಅಲ್ಲಿಂದ ಮುಂದಿನ ಮಾತೆಲ್ಲ ಪಿಸುದನಿಯಲ್ಲಿ. ಇವರು ನೋಡಿಕೊಳ್ಳುವುದು ಯಾರನ್ನು, ಯಾವಾಗಿನಿಂದ, ರಾತ್ರಿ ಜೊತೆಗೆ ಯಾರಿರುತ್ತಾರೆ ಎಂದೆಲ್ಲ ಕೇಳಿದರು. ಮುಂದಿನ ಭೇಟಿಯವರನ್ನು ಪಕ್ಕದ ಕೋಣೆಗೆ ಕರೆಸಿಕೊಂಡು, ಎದ್ದು ಹೋಗುವಾಗ ತಾವೇ ಕಿಟಕಿಯ ತೆರೆ ಎಳೆದರು. ಮಾತು ಮಾತ್ರ ಕೊಡಲಿಲ್ಲ. ಎಷ್ಟೆಂದರೂ ರಾಜಕಾರಣಿ, ಅಷ್ಟು ಸುಲಭಕ್ಕೆ ಕೊಡುತ್ತಾರೆಯೇ. ಹದಿನೈದು ದಿನ ಬಿಟ್ಟು ಸಮಿತಿಯ ಮುಂದೆ ಬನ್ನಿ ಎಂದರು. ಆದರೆ ಅಲ್ಲಿ ಮಾತಾಡಬೇಕಾದದ್ದು ಮೇಷ್ಟ್ರಲ್ಲ, ಈ ಅಕ್ಕ. ಸಮಿತಿಯ ಸಭೆ ಟಿವಿಯಲ್ಲೂ ಬರುತ್ತೆ, ನಾಲ್ಕು ಜನ ಕೇಳಲಿ ಎಂದಿದ್ದರಂತೆ.

ಕೇಳುತ್ತ ಕೇಳುತ್ತ ನಾಚಿಕೆ ಮರೆತು ಹಿಗ್ಗಿ ಹೀರೇಕಾಯಿಯಾಗಿದ್ದ ಅವಳ ಜೀವ ಆ ಕೊನೆಯ ಮಾತಿಗೆ ತಣ್ಣಗಾಯಿತು. ಟಿವಿ ಇರುವುದು ತಮ್ಮನ ಕಾಲ ಬುಡದಲ್ಲೇ.

ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಬೇಕರಿಯವನು ತಮ್ಮನ ಗಡ್ಡ ಬೋಳಿಸಿ, ಕಿಟಕಿಯ ಕಡೆ ಮಗ್ಗುಲು ಮಾಡಿ ಮಲಗಿಸಿದ್ದ. ನಾಳೆಯೂ ಬರಲಾ ಎಂದು ಕೇಳಿ ಹೊರಟುಹೋದ. ಅವಳು ಮಂಚದ ಅಂಚಿನಲ್ಲಿ ಕೂತಳು. ಏನು ಹೇಳಿದೆ ಎಂದು ತಮ್ಮ ಕೇಳಿದ. ಏನೂ ಹೇಳಲಿಲ್ಲ, ನಿದ್ದೆ ಹೋದೆ ಎಂದಳು. ಅವನು ನಗುತ್ತಾನೆ ಎಂದುಕೊಂಡಿದ್ದಳು. ಅವನು ನಗಲಿಲ್ಲ. ಅದಕ್ಕೇ ಅವಳಿಗೆ ಹೆದರಿಕೆಯಾಯಿತು. ಸಮಿತಿಯ ವಿಷಯ, ಟಿವಿಯ ವಿಷಯ ಎಲ್ಲ ಒಂದೇ ಉಸಿರಿಗೆ ಹೇಳಿ, ನಾನು ಹೋಗಲ್ಲ ಎಂದು ಮುಗಿಸಿದಳು.

"ಟಿವೀಲಿ ಹೇಳೋದನ್ನ ಮೊದ್ಲು ನಂಗೇ ಹೇಳ್ಬಿಡು," ಎಂದ ತಮ್ಮ.

ಅವಳು ಹೊದಿಕೆಯ ಸುಕ್ಕನ್ನೆಲ್ಲ ಒಂದೊಂದಾಗಿ ತೀಡಿದಳು. ಬಿಸಿಲು ಮಂಚದ ಮೇಲಿಂದ ಗೋಡೆಗೆ ಹತ್ತಿತು.

"ಸಾಕಾಗಿದೆ ಕಣೋ. ಪ್ರೀತಿ ಕಮ್ಮಿಯಾಗಿ ಅಲ್ಲ. ಸಾಕಾಗಿದೆ, ಅಷ್ಟೇ."

ಪಕ್ಕದ ಮನೆಯಲ್ಲಿ ಯಾರೋ ಬಕೆಟ್ಟಿಗೆ ನೀರು ಬಿಡುತ್ತಿದ್ದರು.

"ನಂಗೂ ಸಾಕಾಗಿದೆ ಕಣೇ," ಎಂದ ಅವನು. "ಕಣ್ಣು ಬಿಟ್ಟಾಗೆಲ್ಲ ನಿನ್ನ ಮುಖ. ರಾತ್ರಿ ನೀನು ಎದ್ದು ಬರೋ ಸದ್ದು ಕೇಳಿದ್ರೆ ನಿದ್ದೆ ಬಂದೋನ ಹಾಗೆ ನಟಿಸ್ತೀನಿ, ಇವಳಿಗೆ ಇನ್ನೆಷ್ಟು ಸಲ ಋಣಿಯಾಗ್ಲಿ ಅಂತ. ಒಂದಷ್ಟು ವಾರ ಬೇರೆ ಯಾರಾದ್ರೂ ನನ್ನ ಮಗ್ಗುಲು ಬದಲಿಸ್ಲಿ. ಅವ್ರು ತಪ್ಪು ಮಾಡಿದ್ರೆ ಬಾಯ್ತುಂಬ ಬೈಬೋದು. ನಿನ್ನ ಬೈಯೋಕಾಗುತ್ತಾ?"

ಅವಳಿಗೆ ಮೊದಲು ನೋವಾಯಿತು, ಸುಳ್ಳು ಯಾಕೆ ಹೇಳಬೇಕು. ಇಷ್ಟು ವರ್ಷ ಬಚ್ಚಿಟ್ಟುಕೊಂಡು ಕೂತವಳು ತಾನೊಬ್ಬಳೇ ಎಂದುಕೊಂಡಿದ್ದಳು. ಅವನೂ ಅದನ್ನೇ ಬಚ್ಚಿಟ್ಟುಕೊಂಡು ಮಲಗಿದ್ದ. ಆಮೇಲೆ ಎಲ್ಲಿಂದಲೋ ನಗು ಬಂತು, ಅದರ ಬೆನ್ನಿಗೇ ಅಳು. ಮೊದಲೇ ಮಂಜಾಗಿದ್ದ ಕಣ್ಣಿಗೆ ನೀರೂ ತುಂಬಿ, ಒಬ್ಬ ತಮ್ಮ ಇಬ್ಬರಾಗಿ ಕಂಡ. ಸೆರಗಿನಿಂದ ಮುಖ ಒರೆಸಿಕೊಂಡು, ಇದನ್ನೂ ಸಮಿತಿಯ ಮುಂದೆ ಹೇಳ್ಬೋದೇನೋ ಎಂದು ಕೇಳಿದಳು.

"ಮೊದ್ಲು ಇದನ್ನೇ ಹೇಳು," ಎಂದ ಅವನು.