ಸುಬೇದಾರರ ಜಗಲಿ

ಪೂರಿಗಾಲಿಯಲ್ಲಿ ನಮ್ಮ ಪಕ್ಕದ ಮನೆಯವರು ನಿವೃತ್ತ ಸುಬೇದಾರರು. ರಜೆಗೆ ಬಂದ ಸೈನಿಕರೆಲ್ಲ ಬಡ್ತಿ, ವರ್ಗಾವಣೆಯ ಅಳಲು ಹೊತ್ತು ಅವರ ಜಗಲಿಗೆ ಬರುತ್ತಿದ್ದರು. ಸುಬೇದಾರರು ಮೀಸೆ ತೀಡುತ್ತಾ, "ದೂರು ಯಾರ್ ಮ್ಯಾಲೋ ಅವ್ನೇ ಇಚಾರಿಸ್ಬಾರ್ದು ಕಣ್ಲಾ, ಹೊರಗ್ನೋರು ಇಚಾರಿಸ್ಬೇಕು" ಎಂದು ಹೇಳಿ, ಎಲ್ಲರನ್ನೂ ಊಟಕ್ಕೆ ಕೂರಿಸುತ್ತಿದ್ದರು.

ಒಂದು ಮಧ್ಯಾಹ್ನ ಅವರ ಹೆಂಡತಿಯೇ ಜಗಲಿಗೆ ಬಂದರು. "ನಂದೂ ಒಂದು ದೂರು ಅದೆ. ಬಂದೋರ್ಗೆಲ್ಲ ಮುದ್ದೆ ತಿರುವಿ ನನ್ ರಟ್ಟೆ ಬಿದ್ದೋಯ್ತು."

"ಇಚಾರಿಸ್ತೀನಿ ಬುಡು," ಎಂದರು ಸುಬೇದಾರರು.

"ನಿಮ್ ಮ್ಯಾಲಿನ್ ದೂರ್ನ ನೀವೇ ಇಚಾರಿಸ್ತೀರಾ?"

ಜಗಲಿ ಗೊಳ್ಳೆಂದಿತು. ಹೊರಗಿನವನೆಂದು ಅಲ್ಲೇ ಕೂತಿದ್ದ ನನ್ನನ್ನೇ ನ್ಯಾಯಕ್ಕೆ ಕೂರಿಸಿದರು. ಇನ್ನು ಮುದ್ದೆಯನ್ನು ಸುಬೇದಾರರೇ ತಿರುವಬೇಕೆಂದು ತೀರ್ಪು ಕೊಟ್ಟೆ.

ಅವರ ಗಂಟುಗಂಟಾದ ಮುದ್ದೆ ನುಂಗಲಾರದೆ ಸೈನಿಕರು ಬರುವುದನ್ನೇ ಬಿಟ್ಟರು. ಸುಬೇದಾರರು ಮಾತ್ರ ನನಗೆ ಖಾಲಿ ಜಗಲಿ ತೋರಿಸಿ ಮೀಸೆ ತೀಡುತ್ತಿದ್ದರು: "ನೋಡ್ಲಾ, ಮಿಲಿಟ್ರೀಲಿ ಈಗ ಒಂದ್ ದೂರೂ ಇಲ್ಲ!"